ಛೇರ್ಮನ್ ಮನೆಯೆದುರಿನ ಮೂರು ಮೂಲೆ ಸೈಟು

ವಸಂತಮ್ಮನ ಸಿಟ್ಟಿಗೂ ಅವಳ ಮಗಳು ರತ್ನಳಿಗೂ ಒಂದೇ ವಯಸ್ಸು. ಎರಡನ್ನೂ ಅವಳು ಒಟ್ಟೊಟ್ಟಿಗೇ ಸಾಕಿದಳು. ಮಗಳನ್ನು ಬೀದಿಗೆ ಆಡಲು ಬಿಟ್ಟಳು, ಸಿಟ್ಟನ್ನು ಮಾತ್ರ ಸೆರಗಿನೊಳಗೇ ಇಟ್ಟುಕೊಂಡಳು. ಆ ಸಿಟ್ಟು ಹುಟ್ಟಿದ್ದು ತೂಬಿನಪಾಳ್ಯದ ಛೇರ್ಮನ್ ಸೊಣ್ಣಪ್ಪನಿಂದ, ಊರ ಹೊಂಗೆ ತೋಪಿನಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ.

ಅವಳು ಮಾಗಡಿ ಕಡೆಯಿಂದ ಮದುವೆಯಾಗಿ ಬಂದಾಗ ಎಪ್ಪತ್ತರ ದಶಕ ಇನ್ನೂ ಮುಗಿದಿರಲಿಲ್ಲ, ತೂಬಿನಪಾಳ್ಯ ಇನ್ನೂ ಅರ್ಧ ಹಳ್ಳಿ. ದಾಸರಹಳ್ಳಿಯಲ್ಲಿ ಬಸ್ಸಿಳಿದು ರಾಗಿ ಹೊಲಗಳ ನಡುವೆ ನಡೆದರೆ ಮೊದಲು ಕೆರೆ, ಆಮೇಲೆ ಮಾರಮ್ಮನ ಗುಡಿ, ಅದರ ಸುತ್ತ ಹಳೆಯ ಹೆಂಚಿನ ಮನೆಗಳು. ಇನ್ನರ್ಧ ಊರು ಪೀಣ್ಯದ ಕಾರ್ಖಾನೆಗಳ ಸೈರನ್ನಿಗೆ ಏಳುತ್ತಿತ್ತು, ಸೈರನ್ನಿಗೆ ಉಣ್ಣುತ್ತಿತ್ತು. ಗಂಡ ನರಸಿಂಹಯ್ಯ ಅಲ್ಲೊಂದು ಶೆಡ್ಡಿನಲ್ಲಿ ಲೇತ್ ಕೆಲಸದವನು. ಅವರಿದ್ದದ್ದು ಸೊಣ್ಣಪ್ಪನ ವಠಾರದಲ್ಲಿ. ಶೀಟು ಹೊದಿಸಿದ ಸಾಲುಮನೆಗಳು, ಒಂದೊಂದಕ್ಕೂ ಒಂದು ಕೋಣೆ, ಒಂದು ಒಲೆಯ ಮೂಲೆ, ಬಚ್ಚಲು ಎಲ್ಲರಿಗೂ ಸೇರಿ ಒಂದೇ. ಕಕ್ಕಸು ಇರಲಿಲ್ಲ. ವಠಾರಕ್ಕಷ್ಟೇ ಅಲ್ಲ, ಊರಿಗೇ ಇರಲಿಲ್ಲ.

ಊರಿಗಿದ್ದದ್ದು ಹೊಂಗೆ ತೋಪು. ಕತ್ತಲು ಹರಿಯುವ ಮೊದಲು ಒಂದು ಸಲ, ದೀಪ ಹಚ್ಚಿದ ಮೇಲೆ ಒಂದು ಸಲ ಹೆಂಗಸರು ಚೊಂಬು ಹಿಡಿದು ಗುಂಪಾಗಿ ಅತ್ತ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಗಂಡಸರು ಯಾರೂ ಆ ದಾರಿ ತುಳಿಯುತ್ತಿರಲಿಲ್ಲ. ಹೊಲದಿಂದ ಬರುವವರು ಎದುರಿಗೆ ಸಿಕ್ಕರೆ ಎತ್ತಿನ ಮುಖ ತಿರುಗಿಸಿಕೊಂಡು ಕೆರೆ ಏರಿಯ ಮೇಲೆ ಸುತ್ತಿ ಬರುತ್ತಿದ್ದರು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ವಠಾರದ ಹಿಂದೆ ಸ್ವಂತ ಜಾಗದಲ್ಲಿ ಹಸು ಕಟ್ಟಿಕೊಂಡಿದ್ದ ಮುದುಕಿ ಮುನಿಯಕ್ಕ ಹೇಳುತ್ತಿದ್ದಳು: "ನಮ್ಮತ್ತೆ ಕಾಲ್ದಿಂದ್ಲೂ ಇಂಗೇ ಕಣವ್ವ. ಆ ಒತ್ತಲ್ಲಿ ತೋಪು ನಮ್ದು. ಗಂಡುಸ್ರು ಕೆಮ್ಮೋಕೂ ಇಲ್ಲ ಆ ಕಡೆ."

ವಸಂತಮ್ಮ ಬಾಣಂತನ ಮುಗಿಸಿ ತವರಿನಿಂದ ಕೂಸು ಎತ್ತಿಕೊಂಡು ಬಂದಳು. ಅವಳು ಊರಲ್ಲಿಲ್ಲದಾಗ ಸೊಣ್ಣಪ್ಪ, ಕಾಗದದ ಮೇಲೆ ತನ್ನದಾಗಿದ್ದ ಆ ತೋಪನ್ನು ಶೆಡ್ಡು ಕಟ್ಟುವವರಿಗೆ ಮಾರಿದ್ದ. ಬೇಲಿ ಬಿದ್ದದ್ದು ಅವಳು ಬಂದ ದಿನವೇ, ಮಧ್ಯಾಹ್ನ. ಅವಳಿಗದು ಗೊತ್ತಿಲ್ಲ. ಪಥ್ಯ ಬಿಟ್ಟ ಹೊಟ್ಟೆ ಕೆಟ್ಟಿತ್ತು, ಜೊತೆಯ ಹೆಂಗಸರಿಗೆ ಕಾಯುವಷ್ಟು ತಡೆಯಲಿಲ್ಲ, ಕೂಸನ್ನು ಮುನಿಯಕ್ಕನ ತೊಡೆಗೆ ಹಾಕಿ ಒಬ್ಬಳೇ ಓಡಿದಳು. ಮಬ್ಬಿನಲ್ಲಿ ಜಾಲಿಮುಳ್ಳು ಸೀರೆಗೆ ಹಿಡಿಯಿತು. ಬಿಡಿಸಿಕೊಳ್ಳಲು ಬಗ್ಗಿದಾಗ ಮುಖಕ್ಕೇ ಬ್ಯಾಟರಿ ಬೆಳಕು ಬಿತ್ತು.

ಬ್ಯಾಟರಿ ಹಿಡಿದವನು ಸೊಣ್ಣಪ್ಪನೇ. ಜಾಗ ಕೊಂಡವರಿಗೆ ಗಡಿ ತೋರಿಸುತ್ತಿದ್ದ. ಪಕ್ಕದಲ್ಲಿ ಪ್ಯಾಂಟು ಹಾಕಿದ ಗಂಡಸರು ನಿಂತಿದ್ದರು.

"ಯಾರಮ್ಮ ಅದು? ಓಹೋ, ನಮ್ ವಠಾರದ ಬಾಣಂತಿ! ಬಾಡಿಗೆ ಇಸ್ಕೊಳ್ಳೋದು ಮನೆಗೆ ಕಣಮ್ಮ, ತೋಪಿಗಲ್ಲ. ಇನ್ಮೇಲೆ ಹೊಟ್ಟೆ ಕಟ್ಕೊಂಡಿರಿ, ಇಲ್ಲ ಮನೆ ಖಾಲಿ ಮಾಡಿ."

ಜೊತೆಯವರು ನಕ್ಕರು. ಅವನು ಬೆಳಕನ್ನು ಕೆಳಗಿಳಿಸಲಿಲ್ಲ. ಮುಳ್ಳು ಬಿಡಿಸಿಕೊಂಡು, ಸೆರಗು ಹೊದ್ದುಕೊಂಡು, ಬೆನ್ನು ತಿರುಗಿಸಿ ಅವಳು ನಡೆಯುವವರೆಗೂ ಆ ಬೆಳಕು ಅವಳ ಮೇಲೇ ಇತ್ತು.

ಅಷ್ಟೇ ಆಗಿದ್ದರೆ ನಾಚಿಕೆ ಮಾತ್ರ ಉಳಿಯುತ್ತಿತ್ತೋ ಏನೋ. ನಂತರದ ದಿನಗಳು ಅದನ್ನು ಸಿಟ್ಟಾಗಿ ಹೆಪ್ಪುಗಟ್ಟಿಸಿದವು. ಹೆಂಗಸರು ಈಗ ಚಿಕ್ಕಬಾಣಾವರದ ಕಡೆಯ ರೈಲುಹಳಿಯವರೆಗೆ ನಡೆಯಬೇಕಾಯಿತು. ಗಾಡಿ ಬಂದರೆ ದಡಬಡಿಸಿ ಎದ್ದು ನಿಲ್ಲಬೇಕು, ಡ್ರೈವರ್ ಬೇಕೆಂದೇ ಸೀಟಿ ಊದುತ್ತಿದ್ದ. ಹಗಲಿನಲ್ಲಂತೂ ಹೋಗುವ ಮಾತೇ ಇಲ್ಲ. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ವಸಂತಮ್ಮನೂ ಮಾಡಿದಳು. ವಾರ ಕಳೆಯುವುದರಲ್ಲಿ ಎದೆಹಾಲು ಬತ್ತತೊಡಗಿತು. ಕೂಸು ಬಾಯಿ ಹಾಕುವುದು, ಎರಡು ಸಲ ಎಳೆಯುವುದು, ಮುಖ ತಿರುಗಿಸಿ ಅಳುವುದು. ಬೆರಳಿಗೆ ಸಿಕ್ಕಿದ್ದನ್ನೆಲ್ಲ ಚೀಪುವುದು, ಕೊನೆಗೆ ತನ್ನ ಮುಷ್ಟಿಯನ್ನೇ ಚೀಪುತ್ತ ನಿದ್ದೆ ಹೋಗುವುದು.

"ನೀರು ಕುಡೀಯೇ ಮಗ," ಮುನಿಯಕ್ಕ ಗದರಿದಳು. "ಕೂಸು ಸೊರಗ್ತಾ ಐತೆ, ಕಾಣಾಕಿಲ್ವಾ?"

"ಕುಡಿದ್ರೆ ಎಲ್ಲಿಗೆ ಹೋಗ್ಲಿ ಮುನಿಯಕ್ಕ?"

ಮುದುಕಿ ಎದ್ದು ಕೊಟ್ಟಿಗೆಗೆ ಹೋದಳು. ಒಂದು ಲೋಟ ಹಸುವಿನ ಹಾಲು ತಂದು, ನೀರು ಬೆರೆಸಿ ಕಾಯಿಸಿ, ಒಳಲೆಯಲ್ಲಿ ಕೂಸಿಗೆ ಕುಡಿಸಿದಳು. ಆ ಮುಷ್ಟಿ ಚೀಪುವ ಸದ್ದು ಮಾತ್ರ ವಸಂತಮ್ಮನ ಕಿವಿಯಿಂದ ಹೋಗಲಿಲ್ಲ. ಮುಖಕ್ಕೆ ಬೆಳಕು ಬಿಟ್ಟದ್ದನ್ನು ಬೇಕಾದರೆ ಮರೆಯಬಹುದು, ಇದನ್ನಲ್ಲ. ಸೊಣ್ಣಪ್ಪ ಊರೆದುರು ತಲೆ ತಗ್ಗಿಸಬೇಕು, ಅವನು ಕಿತ್ತುಕೊಂಡದ್ದನ್ನು ಅವನ ಕೈಯಿಂದಲೇ ವಾಪಸು ಪಡೆಯಬೇಕು, ಅದೂ ಅವನ ಕಣ್ಣೆದುರಿಗೇ. ಅಂದಿನಿಂದ ಅವಳಿಗೆ ಬೇಕಾದದ್ದು ಇದೊಂದೇ.

ನರಸಿಂಹಯ್ಯ ಸಾಧು ಮನುಷ್ಯ. "ಬೇರೆ ಮನೆ ನೋಡೋಣ ಬಿಡೇ," ಅಂದ.

"ನಿಮಗೇನ್ರೀ, ಫ್ಯಾಕ್ಟರೀಲಿ ಚಿಲಕ ಇರೋ ಕಕ್ಕಸಿದೆ. ನಾನು ಎಲ್ಲಿಗೂ ಬರಲ್ಲ. ಅವನ ಕಣ್ಣೆದುರೇ ಇರ್ತೀನಿ."

"ಇದ್ದು ಏನ್ ಮಾಡ್ತೀಯ?"

"ನೋಡ್ತೀನಿ."

ಅವಳು ನಿಜಕ್ಕೂ ನೋಡಿದಳು. ಮಗಳಿಗೆ ರಾಗಿಸರಿ ತಿನ್ನಿಸುತ್ತ, ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತ, ಆ ಮನುಷ್ಯನನ್ನು ಓದಿದಳು. ಊರು ಬೆಳೆಯುತ್ತಿತ್ತು. ರಾಗಿ ಹೊಲಗಳೆಲ್ಲ ಸೈಟುಗಳಾದವು. ಬಸ್ಸು ಊರೊಳಗೇ ಬಂತು, ಹಾಲಿನ ಬೂತು ಬಂತು, ನ್ಯಾಯಬೆಲೆ ಅಂಗಡಿ ಬಂತು, ಶಾಲೆಗೆ ಮೇಲೊಂದು ಕೋಣೆ ಬಂತು. ಏನು ಬಂದರೂ ಅದರ ಮೇಲೆ ಸೊಣ್ಣಪ್ಪನ ಹೆಸರು ಬರುತ್ತಿತ್ತು. ಅವನು ಪಂಚಾಯ್ತಿ ಛೇರ್ಮನ್ ಆಗಿದ್ದದ್ದು ಯಾವ ಕಾಲದಲ್ಲೋ, ಆದರೆ ಬಸ್ ನಿಲ್ದಾಣದ ತೊಲೆಯ ಮೇಲೆ ಇಂದಿಗೂ 'ದಾನಿಗಳು: ಛೇರ್ಮನ್ ಸೊಣ್ಣಪ್ಪನವರು'. ಮಾರಮ್ಮನ ಗುಡಿಗೆ ಟ್ಯೂಬ್‌ಲೈಟು ಕೊಟ್ಟು ಅದರ ಉದ್ದಕ್ಕೂ ಕೆಂಪು ಬಣ್ಣದಲ್ಲಿ ಹೆಸರು ಬರೆಸಿದ, ಅಮ್ಮನ ಮೇಲೆ ಬೆಳಕಿಗಿಂತ ಸೊಣ್ಣಪ್ಪನೇ ಜಾಸ್ತಿ ಬಿದ್ದ. ಶಾಲೆಗೆ ಕೊಟ್ಟ ಫ್ಯಾನಿನ ರೆಕ್ಕೆರೆಕ್ಕೆಗೂ ಅವನ ಹೆಸರು. "ಜೋರಾಗಿ ತಿರುಗಿಸ್ಬೇಡಿ ಮೇಷ್ಟ್ರೇ, ಓದೋಕಾಗಲ್ಲ," ಎಂದು ಅವನು ಹೇಳಿದ್ದನ್ನು ಮಕ್ಕಳು ಕೂಡ ಅಣಕಿಸುತ್ತಿದ್ದರು.

ಕೊಡುವುದರಲ್ಲಿ ಅವನಿಗೆ ಆಸೆಯಿರಲಿಲ್ಲ, ಕೊಟ್ಟವನೆನ್ನಿಸಿಕೊಳ್ಳುವುದರಲ್ಲಿ ಇತ್ತು. ಅವನನ್ನು ಹಿಡಿಯುವುದಾದರೆ ಇಲ್ಲೇ ಹಿಡಿಯಬೇಕು. ಇಷ್ಟು ತಿಳಿಯಲು ಅವಳಿಗೆ ಅಕ್ಕಿಯ ಎಷ್ಟೋ ಮೊರಗಳು ಬೇಕಾದವು.

ರತ್ನ ಶಾಲೆಗೆ ಹೋಗತೊಡಗಿದ ಮೇಲೆ ವಸಂತಮ್ಮ ಅಕ್ಕಪಕ್ಕದವರನ್ನು ಸೇರಿಸಿ ಮಹಿಳಾ ಸಮಾಜ ಕಟ್ಟಿದಳು. ಶನಿವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಕೂಡುತ್ತಿದ್ದರು, ಹೊಲಿಗೆ, ಹಪ್ಪಳ, ಒಂದಿಷ್ಟು ಹರಟೆ. ಅಲ್ಲಿಗೆ ಒಂದು ದಿನ ಸರ್ಕಾರದ ಓವರ್ಸಿಯರ್ ವೆಂಕಟಸುಬ್ಬಯ್ಯ ಛತ್ರಿ ಊರಿಕೊಂಡು ಬಂದರು.

"ನೋಡೀಮ್ಮಾ, ಹೆಂಗಸರಿಗೆ ಸಾರ್ವಜನಿಕ ಕಕ್ಕಸು ಕಟ್ಟಿಸೋಕೆ ದುಡ್ಡು ಬಂದಿದೆ. ಜಾಗ ಮಾತ್ರ ಯಾರೂ ಕೊಡ್ತಿಲ್ಲ. ಎಲ್ಲರೂ ಬೇಕು ಅಂತಾರೆ, ಆಮೇಲೆ ಪಕ್ಕದ ಬೀದಿ ತೋರಿಸ್ತಾರೆ. ಹೀಗೇ ಆದ್ರೆ ದುಡ್ಡು ವಾಪಸ್ ಹೋಗುತ್ತೆ, ನಾನೇನೂ ಮಾಡೋಕಾಗಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ವಸಂತಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಗಂಟು ಹಾಕಿ ಕೇಳಿದಳು: "ಜಾಗ ಹೆಂಗಸರ ಉಪಯೋಗಕ್ಕೆ ಅಂತ ಸಿಕ್ಕಿದ್ರೆ ಸಾಕಾ ಸಾರ್?"

"ಧಾರಾಳವಾಗಿ ಸಾಕು."

"ಸ್ವಲ್ಪ ದಿನ ತಡೀರಿ."

ಸೊಣ್ಣಪ್ಪ ಆಗಷ್ಟೇ ಉಪ್ಪರಿಗೆ ಮನೆ ಕಟ್ಟಿಸಿದ್ದ. ಬಾಲ್ಕನಿಗೆ ಬಣ್ಣದ ಸಿಮೆಂಟಿನ ನವಿಲುಗಳು, ಗೇಟಿಗೆ ಸಿಂಹದ ಮುಖ. ಗೇಟಿನ ನೇರಕ್ಕೆ ಬೀದಿಯಾಚೆ ಅವನದೇ ಒಂದು ಮೂರು ಮೂಲೆಯ ಸೈಟಿತ್ತು. ಮೂರು ಮೂಲೆ ಮನೆಗೆ ಆಗಿಬರುವುದಿಲ್ಲವೆಂದು ಯಾರೂ ಅದನ್ನು ಕೊಳ್ಳುತ್ತಿರಲಿಲ್ಲ. ಎಮ್ಮೆ ಕಟ್ಟಲೂ ಒಲ್ಲದ ಜಾಗ. ಒಂದು ಬೆಳಿಗ್ಗೆ ವಸಂತಮ್ಮ ಸಮಾಜದ ಹೆಂಗಸರನ್ನು ಕರೆದುಕೊಂಡು ಅರಿಶಿನ ಕುಂಕುಮ, ಬಾಳೆಹಣ್ಣು ಹಿಡಿದು ಆ ಗೇಟು ತೆಗೆದಳು.

"ಏನಪ್ಪಾ ಇದು, ಬೆಳಗೆದ್ದು ಹೆಣ್ಮಕ್ಕಳ ದಂಡೇ ಬಂದ್ಬಿಟ್ಟೈತೆ!" ಸೊಣ್ಣಪ್ಪ ಉಯ್ಯಾಲೆಯಿಂದ ಇಳಿಯದೆ ನಕ್ಕ.

"ಊರಲ್ಲಿ ಎಲ್ಲದ್ರ ಮೇಲೂ ನಿಮ್ಮ ಹೆಸರಿದೆ ಅಣ್ಣಾ," ವಸಂತಮ್ಮ ಅಂದಳು. 'ಅಣ್ಣಾ' ಅನ್ನುವಾಗ ನಾಲಿಗೆ ಕಹಿಯಾಯಿತು, ನುಂಗಿಕೊಂಡಳು. "ಹೆಂಗಸರಿಗೆ ಅಂತ ಕೊಟ್ಟಿದ್ದು ಮಾತ್ರ ಒಂದೂ ಇಲ್ಲ. ಅದೊಂದು ಕೊರತೆ ನಮಗೆ."

ಉಯ್ಯಾಲೆ ನಿಂತಿತು. ಚುನಾವಣೆ ಬರುತ್ತದೆಂಬ ಸುದ್ದಿ ಆಗ ಹೋಟೆಲಿನ ಬೆಂಚುಗಳ ಮೇಲೆಲ್ಲ ಓಡಾಡುತ್ತಿತ್ತು.

"ಹೆಂಗಸರಿಗೆ ಅಂದ್ರೆ? ಟೈಲರಿಂಗ್ ಕ್ಲಾಸಾ?"

"ಏನು ಬೇಕು ಅಂತ ಹೆಂಗಸರೇ ಕೂತು ತೀರ್ಮಾನ ಮಾಡ್ತೀವಿ. ನೀವು ಎದುರಿಗಿರೋ ಆ ಮೂರು ಮೂಲೆ ಸೈಟು ಕೊಟ್ರೆ ಸಾಕು. ಮನೆ ಬಾಗಿಲಲ್ಲಿ ನಿಂತ್ರೆ ನಿಮ್ಮ ಹೆಸರು ನಿಮಗೇ ಕಾಣುತ್ತೆ."

ಮಾರಲಾಗದ ಸೈಟಿನಿಂದ ಹೆಸರೂ ಬಂತು, ಓಟೂ ಬಂತು ಎಂದು ಸೊಣ್ಣಪ್ಪನ ಕಣ್ಣು ಅರಳಿತು. "ಕೊಟ್ಟೆ ಹೋಗಿ!"

"ಹಾಗೆ ಬಾಯಿ ಮಾತಲ್ಲಿ ಬೇಡ ಅಣ್ಣಾ. ಅಮ್ಮನ ಗುಡಿ ಮುಂದೆ, ಊರೋರ ಎದುರಿಗೆ ಧಾರೆ ಎರೆದು ಕೊಡಿ. ಹೆಸರಿಗೊಂದು ಗೌರವ ಬೇಡ್ವಾ?"

ಅವನಿಗೆ ಅದು ಇನ್ನೂ ಹಿಡಿಸಿತು. ಮಂಗಳವಾರ ಮೈಕು ಹಾಕಿಸಿದ. ಪೂಜಾರಿ ಪಾಪಯ್ಯ ತುಳಸಿ ಇಟ್ಟ, ಮುನಿಯಕ್ಕ ತಂಬಿಗೆ ಹಿಡಿದು ನೀರು ಎರೆದಳು. ನೀರು ಸೊಣ್ಣಪ್ಪನ ಬೊಗಸೆಯಿಂದ ವಸಂತಮ್ಮನ ಬೊಗಸೆಗೆ ಇಳಿಯಿತು. "ಈ ಜಾಗ ಊರಿನ ಹೆಣ್ಣುಮಕ್ಕಳ ಉಪಯೋಗದ ಕಟ್ಟಡಕ್ಕೆ, ಅವರು ಏನು ಕೇಳಿದ್ರೂ ಸರಿ," ಎಂದು ಅವನೇ ಮೈಕಿನಲ್ಲಿ ಹೇಳಿದ. ಮಾರಮ್ಮನ ಮುಂದೆ ಧಾರೆ ಎರೆದದ್ದನ್ನು ವಾಪಸು ಕೇಳಿದ ಮನೆಗೆ ಅಮ್ಮ ಸಿಡುಬಾಗಿ ಕಾಲಿಡುತ್ತಾಳೆಂದು ಆ ಊರಿನಲ್ಲಿ ನಂಬದವರಿಲ್ಲ.

ಅಲ್ಲಿಗೇ ನಿಂತಿದ್ದರೆ ಅವನಿಗೆ ಒಂದು ದಾರಿ ಉಳಿಯುತ್ತಿತ್ತು. ಆದರೆ ಹೆಸರಿನ ಹಸಿವು ತಡೆಯಲಿಲ್ಲ. ಕಟ್ಟಡ ಏಳುವುದಕ್ಕೂ ಮೊದಲೇ ಆಳೆತ್ತರದ ಕಲ್ಲು ಕೆತ್ತಿಸಿ ಸೈಟಿನ ಮೂತಿಗೆ ನೆಡಿಸಿದ: 'ತೂಬಿನಪಾಳ್ಯದ ಮಹಿಳೆಯರ ಉಪಯೋಗಕ್ಕಾಗಿ ದಾನ. ದಾನಿಗಳು: ಛೇರ್ಮನ್ ಸೊಣ್ಣಪ್ಪನವರು'. ಅಕ್ಷರಗಳಿಗೆ ಚಿನ್ನದ ಬಣ್ಣ. ವಸಂತಮ್ಮ ರತ್ನಳ ಕೈಹಿಡಿದು ಹೋಗಿ ಓದಿಸಿದಳು. ಮಗಳು ಒತ್ತಕ್ಷರದಲ್ಲಿ ತಡವರಿಸಿದಾಗ ತಿದ್ದಿದಳು. ಅವತ್ತು ರಾತ್ರಿ ಅವಳಿಗೆ ಬಹಳ ಚೆನ್ನಾಗಿ ನಿದ್ದೆ ಬಂತು.

ವೆಂಕಟಸುಬ್ಬಯ್ಯ ಆಳುಗಳೊಡನೆ ಬಂದು ಸುಣ್ಣದಲ್ಲಿ ಗುರುತು ಹಾಕುವಾಗ ಸೊಣ್ಣಪ್ಪ ಬಾಲ್ಕನಿಯಿಂದ ನೋಡುತ್ತಿದ್ದ. ಸಾಲಾಗಿ ಸಣ್ಣಸಣ್ಣ ಚೌಕಗಳು. ಟೈಲರಿಂಗ್ ಕ್ಲಾಸಿಗೆ ಇಷ್ಟು ಪುಟ್ಟ ಕೋಣೆಗಳೇಕೆ ಎಂದು ಅವನಿಗೆ ಅನುಮಾನ ಬಂತು. ಇಳಿದು ಬಂದ.

"ಏನ್ ಸಾಮಿ ಇದು?"

"ಹೆಂಗಸರ ಕಕ್ಕಸು. ನಿಮ್ಮಂಥ ದಾನಿಗಳು ಊರಿಗೊಬ್ಬರಿದ್ದರೆ ನಮ್ಮ ಕೆಲಸ ಹಗುರ," ಅಂದರು ಓವರ್ಸಿಯರ್, ನಿಜವಾದ ಸಂತೋಷದಿಂದ.

ಸೊಣ್ಣಪ್ಪನ ಮುಖದ ಬಣ್ಣ ಇಳಿಯಿತು. ಅಷ್ಟರಲ್ಲಿ ಹೆಂಗಸರು ಸೇರಿದ್ದರು, ಮುಂದೆ ವಸಂತಮ್ಮ.

"ಯಾವಳೇ ಹೇಳಿದ್ದು ಇಲ್ಲಿ ಕಕ್ಕಸು ಅಂತ? ನಮ್ಮನೆ ಸಿಂಹದ್ವಾರದ ಎದುರಿಗೆ?"

"ನೀವೇ ಅಲ್ವಾ ಅಣ್ಣಾ, ಮೈಕಲ್ಲಿ? ಏನು ಕೇಳಿದ್ರೂ ಸರಿ ಅಂತ. ನಾವು ಕೇಳಿದ್ವಿ."

"ಕಟ್ಟಡ ಅಂದೆ! ಕಕ್ಕಸು ಅಂದ್ನಾ?"

"ಗೋಡೆ, ಬಾಗಿಲು, ಚಿಲಕ. ಕಟ್ಟಡ ಅಲ್ದೆ ಇನ್ನೇನು?"

"ಏಯ್, ಅದೆಲ್ಲ ಆಗಾಕಿಲ್ಲ! ನಮ್ ಜಾಗ ನಮಗೆ ವಾಪಸ್ ಕೊಡಿ!"

ಮುನಿಯಕ್ಕ ಜನರ ನಡುವಿನಿಂದ ಕೋಲೂರಿಕೊಂಡು ಮುಂದೆ ಬಂದಳು. ಸೊಣ್ಣಪ್ಪ ಚಡ್ಡಿ ಇಲ್ಲದೆ ಓಡಾಡಿದ್ದನ್ನು ನೋಡಿದವಳು ಅವಳು. "ಲೋ ಸೊಣ್ಣ, ನೀರು ಉಯ್ದೋಳು ನಾನು ಕಣ್ಲಾ. ಅಮ್ಮನ ಮುಂದೆ ಬಿದ್ದ ನೀರ್ನ ಬಳ್ಕೊಂಡು ಎತ್ಕೊಡು, ಜಾಗ ವಾಪಸ್ ತಕ್ಕೊ. ಎಲ್ಲಿ, ಎತ್ತು ನೋಡಾನ!"

ಜನ ಗೊಳ್ಳೆಂದರು. ಸೊಣ್ಣಪ್ಪ ಮುದುಕಿಯನ್ನು ಬಿಟ್ಟು ವಸಂತಮ್ಮನ ಕಡೆ ತಿರುಗಿದ. "ನನ್ ಮನೇಲಿದ್ಕೊಂಡು ನನಗೇ ಗುಂಡಿ ತೋಡ್ತೀಯಾ? ಇವತ್ತೇ ಮನೆ ಖಾಲಿ ಮಾಡು."

"ಮಾಡ್ತೀನಿ," ಅಂದಳು ವಸಂತಮ್ಮ. "ಗುಂಡಿ ಮಾತ್ರ ಇಲ್ಲೇ ತೋಡ್ತಾರೆ."

ಸಂಜೆ ನರಸಿಂಹಯ್ಯ ಕೆಲಸದಿಂದ ಬರುವಾಗ ಹಾಸಿಗೆ, ಪಾತ್ರೆ, ರತ್ನಳ ಸ್ಲೇಟು ಎಲ್ಲ ಬೀದಿಯಲ್ಲಿದ್ದವು. ಅವನು ಸೀಮೆಎಣ್ಣೆ ಸ್ಟವ್ ಎತ್ತಿಕೊಂಡು ಮುನಿಯಕ್ಕನ ಕೊಟ್ಟಿಗೆಯ ಪಕ್ಕದ ಕೋಣೆಗೆ ನಡೆದ. ಮೂರನೆಯ ಸಲ ಬಂದು ಹಾಸಿಗೆ ಎತ್ತುವಾಗ ಮಾತ್ರ ಅಂದ: "ಮಗು ಸೆಗಣಿ ವಾಸನೇಲಿ ಮಲಗಬೇಕು. ಇಷ್ಟೆಲ್ಲ ಬೇಕಿತ್ತೇನೇ?"

"ಬೇಕಿತ್ತು," ಅಂದಳು. ಮಗಳಿಗೆ ಸೊಳ್ಳೆ ಕಚ್ಚದಂತೆ ಬೇವಿನ ಹೊಗೆ ಹಾಕಿದಳು, ತನ್ನ ಹಳೆಯ ಸೀರೆಯನ್ನು ಪರದೆಯಾಗಿ ಕಟ್ಟಿದಳು. ರಾತ್ರಿ ರತ್ನ ನಿದ್ದೆಯಲ್ಲಿ ಕೆಮ್ಮಿದಾಗಲೆಲ್ಲ ಎದ್ದು ಕೂತು ಬೆನ್ನು ಸವರಿದಳು. ಒಂದು ಗಳಿಗೆ ಗಂಡನ ಮಾತು ಸರಿಯೇನೋ ಅನ್ನಿಸಿತು. ಬೆಳಗಾದ ಮೇಲೆ ಹೋಗಿ ನೋಡಿದರೆ ಸೈಟಿನಲ್ಲಿ ಪಾಯ ತೋಡುತ್ತಿದ್ದರು, ಆ ಯೋಚನೆಯನ್ನು ಕಸದ ಜೊತೆ ಗುಡಿಸಿ ಹಾಕಿದಳು.

ಗೋಡೆಗಳು ಸೊಂಟದೆತ್ತರ ಬಂದಾಗ ಸೊಣ್ಣಪ್ಪನ ಹೆಂಡತಿ ಕೃಷ್ಣಮ್ಮ ಕೊಟ್ಟಿಗೆಗೆ ಬಂದಳು. ಯಾರ ಮನೆಗೂ ಹೋಗದ ಹೆಂಗಸು, ತಲೆ ತುಂಬ ಸೆರಗು ಹೊದ್ದಿದ್ದಳು. ವಸಂತಮ್ಮ ಮಣೆ ಹಾಕಿದಳು, ಕಾಫಿ ಕೊಟ್ಟಳು.

"ಕಕ್ಕಸು ಇರ್ಲಿ ಕಣಮ್ಮ. ನಾನೂ ಹೆಂಗಸೇ, ಬೇಡ ಅನ್ನಲ್ಲ. ಆ ಕಲ್ಲೊಂದು ತೆಗ್ಸಿಬಿಡು. ನಮ್ಮ ಮಗಳನ್ನ ನೋಡೋಕೆ ಬಂದ ಗಂಡಿನೋರು ಕಲ್ಲು ಓದಿ ಬಾಯಿಗೆ ಕರ್ಚೀಪು ಇಟ್ಕೊಂಡು ನಕ್ರು. ಹುಡುಗ್ರು ಆಗ್ಲೇ 'ಸೊಣ್ಣಪ್ಪನಿಗೆ ಹೋಗ್ಬರ್ತೀನಿ' ಅಂತಾವೆ. ಇವರು ಊಟ ಬಿಟ್ಟವ್ರೆ."

"ಕಲ್ಲು ನೆಡಿಸಿದ್ದು ನೀವು. ನೀವೇ ಕೀಳಿಸಿ."

"ಕೊಟ್ಟ ದಾನ ಕಿತ್ಕೊಂಡ ಅನ್ನಲ್ವಾ ಜನ? ಅಮ್ಮನ ಭಯ ಬೇರೆ. ಸಮಾಜದೋರು ನೀವು ತೆಗೆದ್ರೆ ಯಾರೂ ಏನೂ ಅನ್ನಲ್ಲ. ನಿನ್ನ ಕಾಲಿಗೆ ಬೇಕಾದ್ರೆ..."

"ಅಯ್ಯೋ, ಹಿರಿಯರು, ಹಾಗನ್ಬೇಡಿ." ವಸಂತಮ್ಮ ಅವಳ ಕೈಹಿಡಿದು ಕೂರಿಸಿದಳು. ಮರುಕ ಬಂತು. ಆದರೂ ಇಷ್ಟು ವರ್ಷದ ಮಾತು ಬಾಯಿಗೆ ಬಂದೇ ಬಂತು. "ಒಂದು ಕೆಲಸ ಮಾಡಿ. ಬೇಲಿ ಹಾಕಿದ ದಿನ ತೋಪಲ್ಲಿ ನನಗೆ ಬ್ಯಾಟರಿ ಬಿಟ್ಟು ಒಂದು ಮಾತು ಅಂದಿದ್ರು ನಿಮ್ಮ ಯಜಮಾನ್ರು. ಆ ಮಾತನ್ನ ಗುಡಿ ಮುಂದೆ ಅದೇ ಮೈಕಲ್ಲಿ, ಊರೋರ ಎದುರಿಗೆ ಇನ್ನೊಂದ್ಸಲ ಅನ್ನಲಿ. ಕಲ್ಲು ನಾನೇ ಹಾರೆ ಹಿಡಿದು ಕೀಳ್ತೀನಿ."

ಕೃಷ್ಣಮ್ಮ ಹೋದಳು. ಮಾರನೆಯ ದಿನ ಮತ್ತೆ ಬಂದಳು, ಈ ಸಲ ಕೂರಲಿಲ್ಲ.

"ಏನಂದಿದ್ರು ಅಂತ ಅವರಿಗೆ ಜ್ಞಾಪಕ ಇಲ್ವಂತೆ ಕಣಮ್ಮ. ನಿನ್ನನ್ನ ತೋಪಲ್ಲಿ ನೋಡಿದ್ದೇ ಜ್ಞಾಪಕ ಇಲ್ವಂತೆ. ಏನು ಅನ್ಬೇಕು ಹೇಳಿದ್ರೆ ಅಂತಾರಂತೆ."

ವಸಂತಮ್ಮನ ಕೈಯಲ್ಲಿ ಹಾಲು ಕರೆಯುವ ಚೊಂಬಿತ್ತು. ಅದನ್ನು ನೆಲಕ್ಕಿಟ್ಟಳು. ಮಗಳು ಮುಷ್ಟಿ ಚೀಪಿದ ಆ ರಾತ್ರಿಗಳು ಅವಳಿಗೆ ಒಂದೊಂದೂ ಗೊತ್ತು, ಅವನಿಗೆ ಅದರ ಬುಡವೇ ಗೊತ್ತಿಲ್ಲ. ಬೆಳಕು ಬಿಟ್ಟ, ಅಂದ, ನಕ್ಕ, ಮನೆಗೆ ಹೋಗಿ ಉಂಡು ಮಲಗಿದ. ಅಷ್ಟೇ.

"ಹೇಳ್ಕೊಡಲ್ಲ," ಅಂದಳು. ಧ್ವನಿ ಏರಲಿಲ್ಲ. "ಕಲ್ಲು ಇರ್ಲಿ. ಇದನ್ನಾದ್ರೂ ಮರೆಯದ ಹಾಗೆ ದಿನಾ ಬೆಳಗೆದ್ದು ಓದ್ಲಿ."

ಕಕ್ಕಸಿನ ಬಾಗಿಲುಗಳಿಗೆ ನೀಲಿ ಬಣ್ಣ ಬಳಿದರು, ಒಳಗೆ ಚಿಲಕ ಹಾಕಿದರು, ಹೊರಗೊಂದು ನಲ್ಲಿ ಇಟ್ಟರು. ಯಾವ ಸಮಾರಂಭವೂ ಬೇಡವೆಂದು ಹೆಂಗಸರು ತೀರ್ಮಾನಿಸಿದರು. ಭಾನುವಾರ ಬಿಸಿಲು ಚೆನ್ನಾಗಿ ಏರಿ, ಗಂಡಸರೆಲ್ಲ ಬೀದಿಯಲ್ಲಿ ಪೇಪರು ಹಿಡಿದು ನಿಂತ ಹೊತ್ತಿಗೆ ವಸಂತಮ್ಮ ಒಗೆದ ಸೀರೆ ಉಟ್ಟು, ಚೊಂಬು ಹಿಡಿದು, ಸಿಂಹದ ಗೇಟಿನ ಮುಂದಿನಿಂದಲೇ ನಡೆದಳು. ಹಿಂದೆ ಮುನಿಯಕ್ಕ, ಅವಳ ಹಿಂದೆ ವಠಾರದ ಸಾಲು. ಸೊಣ್ಣಪ್ಪ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದವನು ಒಳಗೆ ಹೋಗಲು ಎದ್ದ. ಹೋದರೆ ಓಡಿಹೋದಂತಾಗುತ್ತದೆಂದು ಮತ್ತೆ ಕೂತ.

ಮೊದಲನೆಯ ಬಾಗಿಲು ಅವಳದು. ಒಳಗೆ ಹೋಗಿ ಚಿಲಕ ಹಾಕಿದಳು. ಬಾಗಿಲಿನ ಮೇಲುಗಡೆ ಜಾಲರಿಯಿಂದ ಬಿಸಿಲು ಬಿದ್ದಿತ್ತು, ಹೊಸ ಸುಣ್ಣದ ವಾಸನೆ. ಬೀದಿಯಾಚೆ ಸೊಣ್ಣಪ್ಪ ಗಂಟಲು ಸರಿಮಾಡಿಕೊಂಡದ್ದು, ಲೋಟ ಕುಕ್ಕಿದ್ದು, ಯಾರೋ ಕಿಸಕ್ಕೆಂದದ್ದು ಎಲ್ಲ ಕೇಳುತ್ತಿತ್ತು.

ಹೊರಗಿನಿಂದ ಮುನಿಯಕ್ಕ ಬಾಗಿಲು ತಟ್ಟಿದಳು. "ಆಯ್ತೇನೇ ವಸಂತಿ? ಸಾಲು ಬೆಳೀತಾ ಐತೆ ಕಣೇ!"

"ಇಲ್ಲ ಮುನಿಯಕ್ಕ," ಒಳಗಿನಿಂದ ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಇನ್ನೂ ಹೊತ್ತಾಗುತ್ತೆ. ನಿಧಾನ!"